ಪೀಟರ್ ಮತ್ತು ಹ್ಯಾರಿಯೆಟ್: ನಾಲ್ಕು ಪತ್ತೇದಾರಿ ಕಾದಂಬರಿ, ವರ್ಷಗಟ್ಟಲೆ ಓದಿದ ಮೇಲೆ

ಕೊಲೆಗಾರ ಯಾರು ಅಂತ ಗೊತ್ತಾದ ಮೇಲೂ ಪತ್ತೇದಾರಿ ಕಾದಂಬರಿ ಎಳೆಯುತ್ತಾ ಹೋದರೆ ನನಗೆ ಸಾಮಾನ್ಯವಾಗಿ ಸಿಟ್ಟು ಬರುತ್ತದೆ. ಇಂಗ್ಲೆಂಡಿನ ಲೇಖಕಿ ಡೊರೊಥಿ ಎಲ್. ಸೇಯರ್ಸ್ ಬರೆದ ‘ಬಸ್‌ಮ್ಯಾನ್ಸ್ ಹನಿಮೂನ್’ನಲ್ಲಿ ಕೊಲೆಗಾರ ಸಿಕ್ಕಿಬಿದ್ದ ಮೇಲೆ ಇನ್ನೂ ಮೂರು ಭಾಗಗಳಿವೆ. ಆ ಮೂರು ಭಾಗಕ್ಕಾಗಿಯೇ ನಾನು ಈ ಪುಸ್ತಕವನ್ನು ಮತ್ತೆ ಮತ್ತೆ ತೆಗೆಯುತ್ತೇನೆ. ಈ ವಿಮರ್ಶೆ ಬರೆಯಲು ಕೂತದ್ದೂ ಅದಕ್ಕೇ.

ಲಾರ್ಡ್ ಪೀಟರ್ ವಿಮ್ಸಿ ಹವ್ಯಾಸಕ್ಕೆ ಪತ್ತೇದಾರಿಕೆ ಮಾಡುವ ಇಂಗ್ಲೆಂಡಿನ ಸಿರಿವಂತ, ಹ್ಯಾರಿಯೆಟ್ ವೇನ್ ಪತ್ತೇದಾರಿ ಕಾದಂಬರಿ ಬರೆಯುವವಳು. ಅವರಿಬ್ಬರ ಕಥೆ ನಾಲ್ಕು ಕಾದಂಬರಿಗಳಲ್ಲಿ ಹರಡಿದೆ: ‘ಸ್ಟ್ರಾಂಗ್ ಪಾಯ್ಸನ್’ 1930, ‘ಹ್ಯಾವ್ ಹಿಸ್ ಕಾರ್ಕೆಸ್’ 1932, ‘ಗಾಡಿ ನೈಟ್’ 1935, ‘ಬಸ್‌ಮ್ಯಾನ್ಸ್ ಹನಿಮೂನ್’ 1937. ಇದೇ ಕ್ರಮದಲ್ಲಿ ಓದಿ. ನಾಲ್ಕನೆಯದರಿಂದ ಶುರು ಮಾಡಿದರೆ ಮದುವೆಯ ಊಟಕ್ಕೆ ಮಾತ್ರ ಹೋದ ಹಾಗಾಗುತ್ತದೆ.

ಮೊದಲು ದುಡ್ಡಿನ ಮಾತು. ಸೇಯರ್ಸ್ ತೀರಿಕೊಂಡದ್ದು 1957ರಲ್ಲಿ. ನಮ್ಮ ದೇಶದಲ್ಲಿ ಲೇಖಕರು ಸತ್ತು 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ, ಹಾಗಾಗಿ 2018ರಿಂದ ಇವರ ಕಾದಂಬರಿಗಳನ್ನು ಇಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದು. ಓದುವವರಿಗೆ ಇದು ಒಳ್ಳೆಯ ಸುದ್ದಿ ಅಲ್ವಾ? ಆದರೆ ಇದರಿಂದಲೇ ಕಳಪೆ ಇ-ಪುಸ್ತಕಗಳೂ ಬಂದಿವೆ. ನಾನು ಮೊದಲು ತೆಗೆದುಕೊಂಡದ್ದು ಅಂಥದ್ದೇ ಒಂದು, ನಾಲ್ಕೂ ಸೇರಿ ಒಂದು ಮಸಾಲೆ ದೋಸೆಯ ಬೆಲೆ. ಮಾರಿದವರ ಹೆಸರು ಬೇಡ. ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಒಬ್ಬರೂ ಕಣ್ಣಾಡಿಸದೆ ಹಾಕಿದ್ದಾರೆ. ‘ಹ್ಯಾವ್ ಹಿಸ್ ಕಾರ್ಕೆಸ್’ನಲ್ಲಿ ಪೀಟರ್ ಮತ್ತು ಹ್ಯಾರಿಯೆಟ್ ಪಕ್ಕ ಪಕ್ಕ ಕೂತು ಒಂದು ಗೂಢಲಿಪಿ ಬಿಡಿಸುತ್ತಾರೆ. ಪ್ಲೇಫೇರ್ ಅನ್ನುವ ವಿಧಾನ ಅದು, ಐದು ಸಾಲು ಐದು ಕಂಬದ ಚೌಕದಲ್ಲಿ ಅಕ್ಷರ ತುಂಬಿ, ಜೋಡಿ ಜೋಡಿಯಾಗಿ ಅದಲುಬದಲು ಮಾಡಬೇಕು. ನನ್ನ ಪ್ರತಿಯಲ್ಲಿ ಚೌಕಗಳೆಲ್ಲ ಕುಸಿದು ಅಕ್ಷರಗಳು ಒಂದೇ ಸಾಲಿನಲ್ಲಿ ರಾಶಿ ಬಿದ್ದಿದ್ದವು. ಪೆನ್ಸಿಲ್ ಹಿಡಿದು ಅವರ ಜೊತೆಗೇ ಬಿಡಿಸಬೇಕು ಅಂತ ಆಸೆಯಿಂದ ಕೂತವಳಿಗೆ ಎಷ್ಟು ಬೇಜಾರಾಯಿತು ಅಂದರೆ ಹೇಳಲಾರೆ. ಆ ಅಧ್ಯಾಯ ಮೊದಲೇ ಉದ್ದ. ಚೌಕ ಇಲ್ಲದಿದ್ದರೆ ಅದನ್ನು ಓದಿಯೂ ಪ್ರಯೋಜನವಿಲ್ಲ. ಈಗ ನಾಲ್ಕನ್ನೂ ಹಳೆಯ ಪೇಪರ್‌ಬ್ಯಾಕ್‌ನಲ್ಲಿ ಕೂಡಿಸಿಟ್ಟುಕೊಂಡಿದ್ದೇನೆ. ಒಂದರ ಬೆನ್ನು ಬಿಟ್ಟಿದೆ, ಇನ್ನೊಂದರಲ್ಲಿ ಯಾರದೋ ಬಸ್ ಟಿಕೆಟ್ ಇದೆ, ಆದರೆ ಚೌಕಗಳು ನೆಟ್ಟಗಿವೆ.

ನಮ್ಮ ಮನೆಯಲ್ಲಿ ಇವನ್ನು ಓದುವ ರೀತಿ ಬೇರೆ. ರಾತ್ರಿ ಊಟ ಆಗಿ, ಅಡುಗೆಕಟ್ಟೆ ಒರೆಸಿ, ಒಣಗಿದ ಬಟ್ಟೆ ಮಂಚದ ಮೇಲೆ ಸುರಿದುಕೊಂಡು ನನ್ನ ಗಂಡ ಮಡಿಸಲು ಕೂರುತ್ತಾರೆ. ನಾನು ಗಟ್ಟಿಯಾಗಿ ಓದುತ್ತೇನೆ. ಬಟ್ಟೆ ಮುಗಿದರೆ ಅಧ್ಯಾಯ ನಿಲ್ಲಬೇಕು ಅನ್ನುವುದು ಕಟ್ಟಳೆ, ಅದಕ್ಕೇ ಕಾಲುಚೀಲಗಳಿಗೆ ಜೋಡಿ ಹುಡುಕುವ ಕೆಲಸ ಕೆಲವು ರಾತ್ರಿ ತುಂಬಾ ಹೊತ್ತು ಹಿಡಿಯುತ್ತದೆ. ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ಓದುವಂತಿಲ್ಲ. ಅವರಿಗೆ ಸಮಯದ ಲೆಕ್ಕ ಇಷ್ಟ, ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಅನ್ನುವುದನ್ನು ಮರೆಯುವುದಿಲ್ಲ. ನನಗೆ ಬೇಕಾದದ್ದು ಹ್ಯಾರಿಯೆಟ್ ಇವತ್ತಾದರೂ ಒಪ್ಪುತ್ತಾಳಾ ಅನ್ನುವುದು.

ಅವಳು ಸುಲಭವಾಗಿ ಒಪ್ಪುವುದಿಲ್ಲ, ಯಾಕೆ ಅನ್ನುವುದೇ ಈ ಪುಸ್ತಕಗಳ ಗಟ್ಟಿತನ. ಮೊದಲ ಪುಸ್ತಕದಲ್ಲಿ ಅವಳು ಹಳೆಯ ಪ್ರೇಮಿಗೆ ಆರ್ಸೆನಿಕ್ ಹಾಕಿದಳು ಅನ್ನುವ ಆರೋಪ ಹೊತ್ತು ಜೈಲಿನಲ್ಲಿದ್ದಾಳೆ. ಪೀಟರ್ ಅವಳನ್ನು ಗಲ್ಲಿನಿಂದ ಉಳಿಸುತ್ತಾನೆ. ಮೊದಲ ಭೇಟಿಯಲ್ಲೇ ಮದುವೆಯಾಗುತ್ತೀಯಾ ಅಂತ ಕೇಳಿಯೂ ಬಿಡುತ್ತಾನೆ! ಪ್ರಾಣ ಉಳಿಸಿದವನಿಗೆ ಇಲ್ಲ ಅನ್ನುವುದು ಹೇಗೆ? ಋಣ ತೀರಿಸಲು ಹೂಂ ಅಂದರೆ ಆ ಮದುವೆ ಎಂಥದ್ದು? ಎರಡನೆಯ ಪುಸ್ತಕದಲ್ಲಿ ಸಮುದ್ರದ ದಂಡೆಯಲ್ಲಿ ಒಬ್ಬಳೇ ನಡೆದು ಹೋಗುವಾಗ ಅವಳಿಗೆ ಬಂಡೆಯ ಮೇಲೆ ಕುತ್ತಿಗೆ ಕೊಯ್ದ ಹೆಣ ಸಿಗುತ್ತದೆ. ಉಬ್ಬರ ಬಂದರೆ ಹೆಣ ಕೊಚ್ಚಿಹೋಗುತ್ತದೆ ಅಂತ ಫೋಟೋ ತೆಗೆಯುತ್ತಾಳೆ, ಒಂದು ಶೂ ಬಿಚ್ಚಿಕೊಳ್ಳುತ್ತಾಳೆ, ಕ್ಷೌರದ ಕತ್ತಿ ಎತ್ತಿಕೊಳ್ಳುತ್ತಾಳೆ. ಅವಳು ತಾನೇ ಪತ್ತೇದಾರಿ ಕಾದಂಬರಿ ಬರೆಯುವವಳು, ಕೆಲಸ ಗೊತ್ತು. ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪೀಟರ್ ಹಾಜರ್. ಅವನು ಬಂದದ್ದು ಅವಳಿಗೆ ಸಂತೋಷವೂ ಹೌದು, ಉರಿಯೂ ಹೌದು. ಮತ್ತೆ ಉಪಕಾರ ಹೊರಿಸಲು ಬಂದ ಅಂತ ಅವಳಿಗೆ ಅನ್ನಿಸುತ್ತದೆ, ಅವಳನ್ನು ನೋಯಿಸದೆ ಸಹಾಯ ಮಾಡುವುದು ಹೇಗೆ ಅಂತ ಅವನಿಗೆ ತಿಳಿಯುವುದಿಲ್ಲ. ಇಬ್ಬರೂ ಅದನ್ನು ಬಾಯಿ ಬಿಟ್ಟು ಜಗಳವಾಡುವ ಒಂದು ಕಡೆ ಇದೆ, ಅಲ್ಲಿ ನಮ್ಮ ಮನೆಯಲ್ಲಿ ಬಟ್ಟೆ ಮಡಿಸುವುದು ನಿಂತೇಹೋಗುತ್ತದೆ. ಆಮೇಲೆ ಪುಸ್ತಕ ಟೈಂಟೇಬಲ್‌ಗಳಲ್ಲಿ ಮುಳುಗಿ ಪ್ರೇಮವನ್ನು ಮರೆತುಬಿಡುತ್ತದೆ. ನಾಲ್ಕರಲ್ಲಿ ನನಗೆ ಕಮ್ಮಿ ಇಷ್ಟವಾದದ್ದು ಇದೇ.

‘ಗಾಡಿ ನೈಟ್’ ಆಕ್ಸ್‌ಫರ್ಡ್‌ನ ಹೆಂಗಸರ ಕಾಲೇಜಿನ ಕಥೆ. ಅದರಲ್ಲಿ ಕೊಲೆಯೇ ಇಲ್ಲ, ಆದರೂ ಉಸಿರು ಬಿಗಿಹಿಡಿದು ಓದಿಸಿಕೊಳ್ಳುತ್ತದೆ. ಹಲ್ಲೆ ಆಗಬಹುದು ಅಂತ ಅನುಮಾನ ಬಂದಾಗ ಪೀಟರ್ ಅವಳನ್ನು ಮನೆಗೆ ಹೋಗು, ಹುಷಾರಾಗಿರು ಅನ್ನುವುದಿಲ್ಲ. ಕುತ್ತಿಗೆಗೆ ಯಾರಾದರೂ ಕೈ ಹಾಕಿದರೆ ಬಿಡಿಸಿಕೊಳ್ಳುವುದು ಹೇಗೆ ಅಂತ ಕಲಿಸುತ್ತಾನೆ, ದಪ್ಪ ಚರ್ಮದ ನಾಯಿಪಟ್ಟಿ ಕೊಡಿಸಿ ಕುತ್ತಿಗೆಗೆ ಕಟ್ಟಿಕೋ ಅನ್ನುತ್ತಾನೆ. ಕೆಲಸ ಅವಳದು, ಅಪಾಯವೂ ಅವಳದು ಅಂತ ಒಪ್ಪಿಕೊಂಡ ಗಂಡಸು. ಅವಳು ಕೊನೆಗೆ ಒಪ್ಪುವುದೂ ಅದಕ್ಕೇ ಅಂತ ನನಗನ್ನಿಸುತ್ತದೆ.

ಈಗ ‘ಬಸ್‌ಮ್ಯಾನ್ಸ್ ಹನಿಮೂನ್’ನ ಹಳ್ಳಿಗೆ ಬರೋಣ. ಹರ್ಟ್‌ಫರ್ಡ್‌ಶೈರಿನ ಪ್ಯಾಗಲ್‌ಹ್ಯಾಮ್, ಸೇಯರ್ಸ್ ಕಟ್ಟಿದ ಊರು. ಹ್ಯಾರಿಯೆಟ್ ಚಿಕ್ಕವಳಿದ್ದಾಗ ಆ ಕಡೆಯಲ್ಲೇ ಅವಳ ಅಪ್ಪ ಡಾಕ್ಟರ್ ಆಗಿದ್ದವರು. ಅಲ್ಲಿನ ಟಾಲ್‌ಬಾಯ್ಸ್ ಅನ್ನುವ ಹಳೆಯ ಮನೆಯ ಮೇಲೆ ಅವಳಿಗೆ ಆಸೆ, ಪೀಟರ್ ಅದನ್ನೇ ಕೊಂಡು ಮಧುಚಂದ್ರಕ್ಕೆ ಕರೆತರುತ್ತಾನೆ. ರಾತ್ರಿ ಬಂದು ನೋಡಿದರೆ ಬಾಗಿಲು ಹಾಕಿದೆ, ಮನೆ ಮಾರಿದ ಮುದುಕ ನಾಪತ್ತೆ, ಒಲೆ ಹಚ್ಚಿದರೆ ಹೊಗೆ. ಮರುದಿನ ಚಿಮಣಿ ಗುಡಿಸುವ ಪಫೆಟ್ ಬರುತ್ತಾನೆ, ಒಂದರ ಮೇಲೊಂದು ತೊಟ್ಟ ಸ್ವೆಟರ್‌ಗಳನ್ನು ಕೆಲಸ ಕಷ್ಟವಾದಷ್ಟೂ ಬಿಚ್ಚುತ್ತಾ ಹೋಗುತ್ತಾನೆ. ಅದೂ ಆಗದೆ ಪಾದ್ರಿ ಗುಡ್‌ಏಕರ್ ಚಿಮಣಿಯೊಳಗೆ ಬಂದೂಕು ಹಾರಿಸುತ್ತಾರೆ, ಕೋಣೆ ತುಂಬ ಮಸಿ. ನಾವಿಬ್ಬರೂ ನಗುತ್ತಾ ಓದಿದ್ದೇವೆ. ಆಮೇಲೆ ಗೊತ್ತಾಗುತ್ತದೆ, ಆ ಮುದುಕನ ಹೆಣ ಮೊದಲ ರಾತ್ರಿಯಿಂದಲೂ ಕೆಳಗೆ ನೆಲಮಾಳಿಗೆಯಲ್ಲೇ ಇತ್ತು.

ಇದು ಮೊದಲು ನಾಟಕವಾಗಿತ್ತು, 1936ರಲ್ಲಿ ಲಂಡನ್ನಿನಲ್ಲಿ ಆಡಿದರು. ಗಟ್ಟಿಯಾಗಿ ಓದಿದರೆ ಅದು ಗೊತ್ತಾಗುತ್ತದೆ. ಮುಕ್ಕಾಲು ಭಾಗ ಒಂದೇ ಕೋಣೆಯಲ್ಲಿ ನಡೆಯುತ್ತದೆ, ಒಬ್ಬರು ಹೊರಗೆ ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ, ಗಂಡ ಹೆಂಡತಿಗೆ ಒಂದು ಮಾತು ಪೂರ್ತಿ ಆಡಲು ಬಿಡುವುದಿಲ್ಲ. ಪತ್ತೇದಾರಿಕೆ ಅಡ್ಡ ಬರುವ ಪ್ರೇಮಕಥೆ ಅಂತ ಸೇಯರ್ಸ್ ಶೀರ್ಷಿಕೆಯ ಕೆಳಗೇ ಬರೆದಿದ್ದಾರೆ. 1928ರಲ್ಲಿ ಇವರೇ ಒಂದು ಕಥಾಸಂಕಲನದ ಮುನ್ನುಡಿಯಲ್ಲಿ, ಪತ್ತೇದಾರಿ ಕಥೆಗೆ ಪ್ರೇಮ ಒಂದು ತೊಡಕು ಅಂತ ವಾದಿಸಿದ್ದರು.

ಓದಿದ ಪ್ರತಿ ಸಲವೂ ನನ್ನ ತಕರಾರು ಜಾಸ್ತಿಯಾಗಿರುವುದು ಹಳ್ಳಿಯವರ ಬಗ್ಗೆ. ಪಕ್ಕದ ಮನೆಯ ರಡಲ್ ಹೆಂಗಸು ಹಳೆಯ ಪೋರ್ಟ್ ವೈನ್ ಬಾಟಲಿಗಳ ಧೂಳು ತೊಳೆದಿಟ್ಟಾಗ ಪೀಟರ್‌ನ ಸೇವಕ ಬಂಟರ್ ಸಿಡಿದೇಳುವ ದೃಶ್ಯ ಮೊದಲ ಓದಿಗೆ ತಮಾಷೆ. ಒಳ್ಳೆಯದೇ ಮಾಡಲು ಹೋದವಳು ಅವಳು, ಈಗ ನನಗೆ ನಗು ಬರುವುದಿಲ್ಲ. ಸತ್ತವನ ಅಣ್ಣನ ಮಗಳೋ ತಂಗಿಯ ಮಗಳೋ ಅನ್ನುವುದಕ್ಕಿಂತ ಕೋಳಿ ಸಾಕಿಕೊಂಡಿರುವ ಒಂಟಿ ಹೆಂಗಸು ಅಂತಲೇ ನೆನಪಿರುವ ಮಿಸ್ ಟ್ವಿಟರ್‌ಟನ್‌ಳನ್ನು ಪುಸ್ತಕ ತುಂಬ ಹೊತ್ತು ಗೇಲಿ ಮಾಡುತ್ತದೆ. ಯಹೂದಿಗಳ ಬಗ್ಗೆ ಆಗಿನ ಕಾಲದ ಕುಹಕದ ಮಾತುಗಳೂ ಈ ಪುಸ್ತಕಗಳಲ್ಲಿವೆ, ಅವನ್ನು ನಾನು ಗಟ್ಟಿಯಾಗಿ ಓದುವುದಿಲ್ಲ. ಹೆಣ ಬಿದ್ದ ಊರಿನಲ್ಲಿ ಅನುಮಾನ ಹೊತ್ತು ಬದುಕಬೇಕಾದವರು ಆ ಊರಿನವರು. ಸಾಹೇಬರು ಬೇಕಾದಾಗ ಲಂಡನ್ನಿಗೆ ಹೋಗಬಹುದು.

ಅದೇ ಟ್ವಿಟರ್‌ಟನ್ ಒಂದು ಸಂಜೆ, ತಾನು ನಂಬಿದವನ ಬಾಯಿಂದ ಕೆಟ್ಟ ಮಾತು ಕೇಳಿ ಮಹಡಿಯ ಮೇಲೆ ಅಡಗಿಕೊಂಡಿರುತ್ತಾಳೆ. ಕೆಳಗೆ ಪೀಟರ್ ಹ್ಯಾರಿಯೆಟ್ ಪ್ರೀತಿಯ ಮಾತಾಡುತ್ತಿದ್ದಾರೆ, ಇವಳಿಗೆ ಇಳಿಯಲೂ ಆಗದು, ಕೇಳದಿರಲೂ ಆಗದು. ಕೊನೆಗೆ ಅಳುತ್ತಾ ಇಳಿದು ಬರುತ್ತಾಳೆ, ಹ್ಯಾರಿಯೆಟ್ ಅವಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಅವಳು ಹೇಳಿದ್ದು ಕೇಸಿಗೆ ಸಾಕ್ಷಿಯೂ ಹೌದು. ಅದನ್ನು ಬಳಸಬೇಕಾ ಬೇಡವಾ ಅನ್ನುವಲ್ಲಿ ಈ ಮದುವೆಯ ನಿಜವಾದ ಪರೀಕ್ಷೆ ಶುರುವಾಗುತ್ತದೆ. ನಿನಗೆ ನೋವಾದರೆ ತನಿಖೆ ಬಿಟ್ಟುಬಿಡುತ್ತೇನೆ ಅನ್ನುತ್ತಾನೆ ಪೀಟರ್. ಬೇಡ ಅನ್ನುತ್ತಾಳೆ ಅವಳು. ನನ್ನನ್ನು ಕಟ್ಟಿಕೊಂಡದ್ದರಿಂದ ನೀನು ಸಣ್ಣವನಾದರೆ ನಮ್ಮ ಬಾಳಿಗೆ ಏನರ್ಥ ಅನ್ನುವುದು ಅವಳ ಮಾತಿನ ಸಾರ. ಇದನ್ನು ಓದಿದ ರಾತ್ರಿ ನಾವಿಬ್ಬರೂ ನಮ್ಮ ನಮ್ಮ ಕೆಲಸದ ಬಗ್ಗೆ ತುಂಬ ಹೊತ್ತು ಮಾತಾಡಿದೆವು. ಅವರ ಪಾಳಿ, ನನ್ನ ಬಡ್ತಿ ಅಂದರೆ ಬೇರೆ ಊರು, ಯಾರು ಯಾರಿಗಾಗಿ ಏನು ಬಿಡಬೇಕು ಅಂತ.

ಆಮೇಲೆ ಆ ಮೂರು ಭಾಗ. ಪೀಟರ್ ಕೊಲೆಗಾರನನ್ನು ಹಿಡಿದಿದ್ದಾನೆ, ಅವನ ಪರವಾಗಿ ದೊಡ್ಡ ವಕೀಲರನ್ನೂ ಇಟ್ಟಿದ್ದಾನೆ, ಆದರೂ ಗಲ್ಲು ತಪ್ಪುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಜನರನ್ನು ಸಾಯಲು ಕಳಿಸಿದ ಅಧಿಕಾರಿ ಪೀಟರ್, ಮನಸ್ಸು ಮುರಿದು ಬಂದವನು. ಪ್ರತಿ ಗಲ್ಲೂ ಅವನಿಗೆ ಆ ಹಳೆಯ ಗಾಯ. ಆ ರಾತ್ರಿ ಹ್ಯಾರಿಯೆಟ್ ಅವನ ಬಳಿ ಹೋಗಿ ಸಮಾಧಾನ ಮಾಡುವುದಿಲ್ಲ. ತಾನಾಗಿ ಬರಲಿ ಅಂತ ಕಾಯುತ್ತಾಳೆ. ಗಲ್ಲಿನ ಹೊತ್ತು ಬೆಳಿಗ್ಗೆ ಎಂಟು. ಅವನು ಬರುತ್ತಾನೆ, ಅವಳ ತೋಳಿನಲ್ಲಿ ಅಳುತ್ತಾನೆ, ಗಡಿಯಾರ ಎಂಟು ಹೊಡೆಯುತ್ತದೆ. ಕೊಲೆಗಾರ ಸಿಕ್ಕ ಅಂತ ಎಲ್ಲರೂ ಚಹಾ ಕುಡಿಯುತ್ತಾ ಕೂರುವ ಹಳ್ಳಿ ಕೊಲೆ ಕಥೆಗಳನ್ನು ನಾನು ರಾಶಿ ಓದಿದ್ದೇನೆ. ಹಿಡಿದುಕೊಟ್ಟವನಿಗೆ ಏನಾಗುತ್ತದೆ ಅಂತ ಇಷ್ಟು ಹತ್ತಿರದಿಂದ ತೋರಿಸಿದ್ದು ಇದೊಂದೇ. ಮದುವೆ ಯಾಕೆ ಬೇಕಿತ್ತು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ನಮ್ಮವರು ಟೈಂಟೇಬಲ್‌ನವರು, ಇಲ್ಲಿ ಅವರಿಗೂ ಗಂಟಲು ಕಟ್ಟುತ್ತದೆ.

ಟಿವಿಯಲ್ಲಿ ನೋಡುವ ಆಸೆ ಇರುವವರಿಗೆ: 1987ರಲ್ಲಿ ಬಿಬಿಸಿ ಮಾಡಿದ ಸರಣಿಯಲ್ಲಿ ಎಡ್ವರ್ಡ್ ಪೆದರ್‌ಬ್ರಿಜ್ ಮತ್ತು ಹ್ಯಾರಿಯೆಟ್ ವಾಲ್ಟರ್ ಚೆನ್ನಾಗಿ ಮಾಡಿದ್ದಾರೆ, ಆದರೆ ಅದು ಮೊದಲ ಮೂರು ಪುಸ್ತಕಕ್ಕೆ ನಿಲ್ಲುತ್ತದೆ. ಹಳ್ಳಿಯೂ ಇಲ್ಲ, ಮದುವೆಯ ನಂತರದ ಬದುಕೂ ಇಲ್ಲ. ನಾಲ್ಕನೆಯದಕ್ಕೆ ಪುಸ್ತಕವೇ ಗತಿ.

ಬಜೆಟ್ ಕಮ್ಮಿ ಇದ್ದರೆ ‘ಸ್ಟ್ರಾಂಗ್ ಪಾಯ್ಸನ್’ ಇ-ಪುಸ್ತಕವಾದರೂ ಸಾಕು, ಅದರಲ್ಲಿ ಕೆಡುವಂಥ ಚೌಕ ಏನೂ ಇಲ್ಲ. ‘ಹ್ಯಾವ್ ಹಿಸ್ ಕಾರ್ಕೆಸ್’ ಮಾತ್ರ ಅಚ್ಚಿನಲ್ಲೇ ತೆಗೆದುಕೊಳ್ಳಿ. ನಾಲ್ಕೂ ಮುಗಿದ ಮೇಲೆ ‘ಟಾಲ್‌ಬಾಯ್ಸ್’ ಅನ್ನುವ ಸಣ್ಣಕಥೆ ಹುಡುಕಿ. ಸೇಯರ್ಸ್ ಅದನ್ನು 1942ರಲ್ಲಿ ಬರೆದರು, ಅಚ್ಚಾದದ್ದು 1972ರಲ್ಲಿ. ಅದೇ ಮನೆ, ಮೂರು ಗಂಡುಮಕ್ಕಳು, ಕಳುವಾಗಿರುವುದು ಪಫೆಟ್‌ನ ತೋಟದ ಪೀಚ್ ಹಣ್ಣು. ಅಗ್ಗದ ಸೆಟ್‌ಗಳಲ್ಲಿ ನನಗೆ ಅದು ಸಿಗಲಿಲ್ಲ, ಕೊಳ್ಳುವ ಮೊದಲು ಪರಿವಿಡಿ ನೋಡಿಕೊಳ್ಳಿ.