ಚೋರ್ಲಾ ಘಾಟಿನಲ್ಲಿ ಆರ್‌ಎಕ್ಸ್ 100 ಮತ್ತು ಆರ್15

ಎರಡೂ ಯಮಹಾ ಬೈಕುಗಳೇ. ಆರ್‌ಎಕ್ಸ್ 100 ನಮ್ಮ ಕಾಕಾ ಅವರದು, ನಾಲ್ಕನೇ ತಲೆಮಾರಿನ ಆರ್15 ತಮ್ಮನದು. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಹಾಯ್ದು ಗೋವಾ ದಾರಿಯ ಚೋರ್ಲಾ ಘಾಟಿನ ತಿರುವುಗಳಲ್ಲಿ ಎರಡನ್ನೂ ಓಡಿಸಿದ್ದೇನೆ. ಯಾವುದು ಮೇಲು ಎಂಬ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ, ಆದರೆ ನನ್ನ ಮಟ್ಟಿಗೆ ತೀರ್ಮಾನವಾಗಿದೆ.

ಅಂಕಿಗಳಲ್ಲಿ ಹಳೆಯದು ಸೋಲುತ್ತದೆ. 1985ರಲ್ಲಿ ಭಾರತದ ರಸ್ತೆಗಿಳಿದ ಆರ್‌ಎಕ್ಸ್‌ನದು 98 ಸಿಸಿ ಎಂಜಿನ್, 11 ಅಶ್ವಶಕ್ತಿ, ನಾಲ್ಕು ಗೇರ್. ಆರ್15ನದು 155 ಸಿಸಿ, 18 ಅಶ್ವಶಕ್ತಿ, ಆರು ಗೇರ್. ಆದರೂ ತಿಲಕವಾಡಿಯ ಸಿಗ್ನಲ್‌ನಲ್ಲಿ ಹಸಿರು ದೀಪ ಹತ್ತಿದಾಗ ಮೈ ಜುಮ್ಮೆನ್ನುವುದು ಹಳೆಯದರ ಮೇಲೆಯೇ. ಅದರ ಟು ಸ್ಟ್ರೋಕ್ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಪೆಟ್ರೋಲ್ ಸಿಡಿಯುತ್ತದೆ, ಆರ್15ನ ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೊಮ್ಮೆ. ಅದರ ಮೇಲೆ ಹಳೆಯ ಗಾಡಿಯ ತೂಕ ನೂರು ಕಿಲೋದ ಆಸುಪಾಸು. ಆರ್15 ಅದಕ್ಕಿಂತ ಸುಮಾರು ನಲವತ್ತು ಕಿಲೋ ಭಾರ. ಅದರ ನಿಜವಾದ ಬಲ ನಿಮಿಷಕ್ಕೆ 7,400 ಸುತ್ತು ದಾಟಿ, ವಾಲ್ವ್‌ಗಳ ತೆರೆಯುವ ಕ್ರಮ ಬದಲಾದ ಮೇಲೆ ಹೊರಬರುತ್ತದೆ. ಗಣಪತಿ ಗಲ್ಲಿಯ ಗದ್ದಲದಲ್ಲಿ ಆ ಸುತ್ತು ಮುಟ್ಟುವುದೆಲ್ಲಿ? ಅಲ್ಲಿ ಬಗ್ಗಿ ಕೂತು ಮಣಿಕಟ್ಟು ನೋಯುವುದೊಂದೇ ಫಲ.

ಘಾಟು ಇಳಿಯುವಾಗ ಮಾತ್ರ ಲೆಕ್ಕ ತಿರುಗುತ್ತದೆ. ಟು ಸ್ಟ್ರೋಕ್ ಗಾಡಿಯಲ್ಲಿ ಎಂಜಿನ್ ಹಿಡಿತ ಬಹಳ ಕಡಿಮೆ, ಗೇರ್ ಇಳಿಸಿದರೂ ವೇಗ ಸುಲಭವಾಗಿ ತಗ್ಗುವುದಿಲ್ಲ. ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕ್, ನೀರು ಹೊಕ್ಕರೆ ಅವೂ ಸಡಿಲ. ಇನ್ನೊಂದು ತೊಡಕಿದೆ: ಎಂಜಿನ್‌ಗೆ ಎಣ್ಣೆ ಹರಿಸುವ ಪಂಪು ಆ್ಯಕ್ಸಿಲರೇಟರ್‌ಗೆ ಜೋಡಿಸಿಕೊಂಡಿದೆ, ಪೂರ್ತಿ ಮುಚ್ಚಿಕೊಂಡು ಇಳಿದರೆ ಪಿಸ್ಟನ್‌ಗೆ ಎಣ್ಣೆ ಸಾಲದು. "ನಡುನಡುವೆ ಸ್ವಲ್ಪ ತಿರುವುತ್ತಾ ಇಳಿ" ಎಂದು ಕಾಕಾ ಪ್ರತಿ ಸಲ ಹೇಳಿ ಕಳಿಸುತ್ತಾರೆ. ವೇಗ ತಗ್ಗಿಸಬೇಕಾದ ಜಾಗದಲ್ಲಿ ಆ್ಯಕ್ಸಿಲರೇಟರ್ ತಿರುವುವುದು ಎದೆಗಾರಿಕೆಯ ಕೆಲಸ. ಕಣಕುಂಬಿಯ ಮಳೆಯಲ್ಲಿ ನನಗೆ ಅದು ಬೇಡ. ಆರ್15ನ ಎರಡೂ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಎಬಿಎಸ್ ಇವೆ. ಒದ್ದೆ ತಿರುವಿನಲ್ಲಿ ಎದುರಿಗೆ ಲಾರಿ ಕಂಡರೂ ಗಾಡಿ ನೇರವಾಗಿ, ಚಕ್ರ ಕಟ್ಟಿಕೊಳ್ಳದೆ ನಿಲ್ಲುತ್ತದೆ. ಈ ಒಂದು ಗುಣದ ಮುಂದೆ ಹಳೆಯ ಗಾಡಿಯ ಮೇಲಿನ ನನ್ನ ಮೋಹವನ್ನೆಲ್ಲ ಪಕ್ಕಕ್ಕಿಡುತ್ತೇನೆ.

ಮೈಲೇಜ್‌ನಲ್ಲೂ ಹೊಸದೇ ಮುಂದು, ಹೊಗೆಯ ಮಾತಂತೂ ಕೇಳುವುದೇ ಬೇಡ.

ರಿಪೇರಿ ಬೇರೆ ಕಥೆ. ಆರ್‌ಎಕ್ಸ್‌ನ ಸಿಲಿಂಡರ್ ಸವೆದರೆ ಬೋರಿಂಗ್ ಮಾಡಿಸಿ, ಅಂದರೆ ಒಳಗೋಡೆ ಕೊರೆಸಿ ಅಗಲಿಸಿ, ಓವರ್‌ಸೈಜ್ ಪಿಸ್ಟನ್ ಕೂರಿಸಬಹುದು. ಎರಕ ಮತ್ತು ಲೇತ್ ಕೆಲಸಕ್ಕೆ ಹೆಸರಾದ ಊರು ಬೆಳಗಾವಿ, ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಅಂಥ ಕೈಗಳಿಗೆ ಬರವಿಲ್ಲ. ಆದರೆ ಗಾಡಿಯ ತಯಾರಿಕೆ 1996ರಲ್ಲೇ ನಿಂತಿದೆ, ಅಸಲಿ ಬಿಡಿಭಾಗ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಆರ್15ಗೆ ಭಾಗಗಳು ಧಾರಾಳವಾಗಿ ಸಿಗುತ್ತವೆ, ಆದರೆ ಸೆನ್ಸರ್ ಕೈಕೊಟ್ಟರೆ ಗಲ್ಲಿಯ ಮೇಸ್ತ್ರಿ ಪಾನಾ ಹಿಡಿದು ಮಾಡುವುದೇನಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾ ಕಡೆ ಹೊರಡುವವರು ಆರ್15 ತೆಗೆದುಕೊಳ್ಳಿ. ಬಿಸಿಲಿನ ದಿನ ಊರೊಳಗೆ ಓಡಾಡಲು ಕಾಕಾ ಅವರ ಗಾಡಿಯ ಕೀಲಿಯನ್ನೇ ಕೇಳುತ್ತೇನೆ.