“ಕಾಯಿಸಬೇಡಿ, ಹಾಗೇ ಕುಡೀರಿ” ಅಂತ ಆರ್ಗ್ಯಾನಿಕ್ ಹಸಿ ಹಾಲು ಮಾರೋರ ಬಗ್ಗೆ ಎಚ್ಚರ

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರು ಇಷ್ಟು ಓದಿದ್ರೆ ಸಾಕು. ಯಾರಾದ್ರೂ ಆರ್ಗ್ಯಾನಿಕ್ ಹಾಲು ಅಂತ ಬಾಟಲಿ ಕೈಗಿಟ್ಟು, “ಕಾಯಿಸಬೇಡಿ, ಕಾಯಿಸಿದ್ರೆ ಸತ್ವ ಹೋಗುತ್ತೆ” ಅಂದ್ರೆ, ಆ ಬಾಟಲಿನ ಅಲ್ಲೇ ವಾಪಸ್ ಕೊಟ್ಟು ಕಳಿಸಿ. ನಮ್ಮಮ್ಮ ಆ ಹಾಲು ಕುಡಿದು ಹಾಸಿಗೆ ಹಿಡಿದಿದ್ದಾರೆ. ಬ್ರುಸೆಲ್ಲೋಸಿಸ್. ದನಗಳು ಗಬ್ಬ ನಿಲ್ಲದೆ ಕಂದು ಹಾಕ್ತವಲ್ಲ, ಆ ರೋಗದ ಬ್ರುಸೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಮನುಷ್ಯರ ಮೈ ಹೊಕ್ಕರೆ ಬರೋ ಕಾಯಿಲೆ ಇದು. ಕೊಟ್ಟಿಗೆ ಕಡೆ ಕಾಲಿಡದ, ಒಂದು ದನದ ಮೈ ಮುಟ್ಟದ ಹೆಂಗಸಿಗೆ ಇದು ಬಂದಿದೆ ಅಂದ್ರೆ ಎಲ್ಲಿಂದ ಬಂತು? ನೀವೇ ಹೇಳಿ.

ಸಿಟ್ಟಲ್ಲಿ ಬರೀತಿದ್ದೀನಿ, ಹಿಂದುಮುಂದಾದ್ರೆ ಹೊಂದಿಸ್ಕೊಂಡು ಓದಿ.

ಆ ಮನುಷ್ಯ ಹಾಲು ಮಾರಿದ್ದು ಹಾಲಿನ ಬಗ್ಗೆ ಮಾತಾಡಿ ಅಲ್ಲವೇ ಅಲ್ಲ, ನಮ್ಮ ಭಯಗಳ ಬಗ್ಗೆ ಮಾತಾಡಿ. ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ವಿಚಾರಿಸಿದ. ಅಮ್ಮನಿಗೆ ಮಂಡಿ ನೋವು ಅಂತ ಗೊತ್ತಾದ ತಕ್ಷಣ ಶುರು. “ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲು ಸತ್ತ ಹಾಲು ಮೇಡಂ. ಅದರಲ್ಲಿ ಎನ್‌ಜೈಮ್ ಇರಲ್ಲ, ಕ್ಯಾಲ್ಸಿಯಂ ಮೈಗೆ ಹತ್ತಲ್ಲ. ನಮ್ಮದು ಜೀವಂತ ಹಾಲು. ರಾಸಾಯನಿಕ ಗೊಬ್ಬರ ಸೋಕದ ಹುಲ್ಲು ತಿಂದ ಹಸುಗಳು. ಒಂದು ಇಂಜೆಕ್ಷನ್ ಕೂಡ ಚುಚ್ಚಿಸಲ್ಲ ನಾವು.” ಆ ಕೊನೆಯ ಮಾತನ್ನ ಎಷ್ಟು ಹೆಮ್ಮೆಯಿಂದ ಹೇಳಿದ ಅಂದ್ರೆ, ಆಗ ಅದೇ ದೊಡ್ಡ ಗುಣ ಅನ್ನೋ ಹಾಗೆ ಕೇಳಿಸಿತ್ತು. ಅದರ ಅರ್ಥ ಏನು ಅಂತ ಮುಂದೆ ಹೇಳ್ತೀನಿ.

ಅಮ್ಮ ಒಪ್ಪಿರಲಿಲ್ಲ ಮೊದಲು. “ಹಾಲು ಕಾಯಿಸದೆ ಹೆಂಗೆ ಕುಡಿಯೋದು?” ಅಂತ ಕೇಳಿದ್ರು. ಫೋನ್ ಸ್ಪೀಕರಿಗೆ ಹಾಕಿದ್ದೆ, ಆತನೇ ಅಮ್ಮನ ಹತ್ರ ಮಾತಾಡಿದ. “ಕರು ಏನು ಕಾಯಿಸಿ ಕುಡಿಯುತ್ತಾ ಅಮ್ಮಾ?” ಅಂದ. ಅಮ್ಮ ನಕ್ಕರು. ವಯಸ್ಸಾದವರನ್ನ ‘ಅಮ್ಮಾ’ ಅಂತ ಕರೆದು ಒಪ್ಪಿಸಿದ್ದು ನೆನಪಾದಾಗೆಲ್ಲ ನನ್ನ ಮೈ ಉರಿಯುತ್ತೆ.

ಕೆಲವು ವಾರ ಏನೂ ಆಗಲಿಲ್ಲ. ಹಾಲು ರುಚಿಯಾಗೇ ಇತ್ತು, ಕೆನೆ ದಪ್ಪಗೆ ಕಟ್ಟುತ್ತಿತ್ತು, ವಾಸನೆ ಇಲ್ಲ, ಒಡೆಯೋದಿಲ್ಲ. ಇದನ್ನ ಗಮನಿಸಿ: ಬ್ರುಸೆಲ್ಲಾ ಇರೋ ಹಾಲು ನೋಡೋಕೆ, ಮೂಸೋಕೆ, ಕುಡಿಯೋಕೆ ಒಳ್ಳೆ ಹಾಲಿನ ಹಾಗೇ ಇರುತ್ತೆ. ಆಮೇಲೆ ಜ್ವರ ಬಂತು. ಬೆಳಿಗ್ಗೆ ಚೆನ್ನಾಗೇ ಇರೋರು, ಸಂಜೆ ಆಗ್ತಿದ್ದ ಹಾಗೆ ಚಳಿ, ನಡುಕ. ರಾತ್ರಿ ದಿಂಬಿನ ಕವರು, ಕುಪ್ಪಸ ಎಲ್ಲ ಹಿಂಡಿದ್ರೆ ನೀರು ಬರೋಷ್ಟು ಬೆವರು. ಸೊಂಟ ಎತ್ತೋಕಾಗದ ನೋವು. ಬಿಡುತ್ತೆ, ಬಿಟ್ಟಿತು ಅಂದುಕೊಂಡ್ರೆ ಮತ್ತೆ ಬರುತ್ತೆ. ವೈರಲ್ ಅಂದ್ರು, ಟೈಫಾಯ್ಡ್ ಇರಬಹುದು ಅಂದ್ರು, ಮಾತ್ರೆ ಕೊಟ್ರು. ಕೊನೆಗೆ ಒಬ್ಬ ವೈದ್ಯರು ರಿಪೋರ್ಟುಗಳನ್ನೆಲ್ಲ ಪಕ್ಕಕ್ಕಿಟ್ಟು, “ಕಾಯಿಸದ ಹಾಲೇನಾದ್ರೂ ಕುಡಿದ್ರಾ?” ಅಂತ ಅಮ್ಮನ್ನೇ ಕೇಳಿದ್ರು. ಅಮ್ಮ ನನ್ನ ಮುಖ ನೋಡಿದ್ರು. ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲಾ ಬಂತು.

ಚಿಕಿತ್ಸೆ ಅಂದ್ರೆ ಎರಡು ಆ್ಯಂಟಿಬಯಾಟಿಕ್ ಒಟ್ಟಿಗೆ, ಸಾಮಾನ್ಯವಾಗಿ 6 ವಾರ. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್. ಜ್ವರ ಬಿಟ್ಟಿತು ಅಂತ ಅರ್ಧಕ್ಕೆ ನಿಲ್ಲಿಸಿದ್ರೆ ಮರುಕಳಿಸುತ್ತೆ. ರಿಫಾಂಪಿಸಿನ್ ತಗೊಂಡ್ರೆ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಅದು ಮಾತ್ರೆಯ ಬಣ್ಣ ಅಂತ ತಿಳಿಯದೆ ಅಮ್ಮ ಬಚ್ಚಲಲ್ಲಿ ಹೆದರಿ ಕೂಗಿಕೊಂಡ್ರು. ರಕ್ತ ಹೋಗ್ತಿದೆ ಅಂದುಕೊಂಡಿದ್ರು. ಮಂಡಿ ನೋವಿಗೆ ಒಳ್ಳೇದು ಅಂತ ಕುಡಿದ ಹಾಲು!

ಈಗ ಆತನ ಉತ್ತರಗಳನ್ನ ಹೇಳ್ತೀನಿ. ನಿಜ ಹೇಳಬೇಕಂದ್ರೆ ಇದನ್ನ ಹೇಳೋಕೇ ಇಷ್ಟು ಬರೆದಿದ್ದು.

ನಾನು ಜಗಳಕ್ಕೆ ಹೋಗಿರಲಿಲ್ಲ. ಮರ್ಯಾದೆಯಿಂದಲೇ ಮೆಸೇಜ್ ಹಾಕಿದೆ. ಅಮ್ಮನಿಗೆ ಬ್ರುಸೆಲ್ಲಾ ಅಂತ ಬಂದಿದೆ, ನಿಮ್ಮ ಹಸುಗಳಿಗೆ ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿಸಿದ್ರಿ, ರಿಪೋರ್ಟ್ ಕಳಿಸಿ, ಬೇರೆ ಮನೆಗಳಿಗೂ ತಿಳಿಸಿ, ಅಲ್ಲೂ ವಯಸ್ಸಾದವರು ಮಕ್ಕಳು ಇರ್ತಾರೆ. ಇಷ್ಟೇ. ಬಂದ ಉತ್ತರ: “ತಾಯಿಯವರು ಬೇಗ ಗುಣ ಆಗಲಿ ಮೇಡಂ. ನಮ್ಮದು ನೂರಕ್ಕೆ ನೂರು ಸರ್ಟಿಫೈಡ್ ಆರ್ಗ್ಯಾನಿಕ್.” ಜೊತೆಗೊಂದು ಸರ್ಟಿಫಿಕೇಟಿನ ಫೋಟೋ. ದೊಡ್ಡದು ಮಾಡಿ ಒಂದೊಂದು ಸಾಲೂ ಓದಿದೆ. ಜಮೀನಿನ ವಿಸ್ತೀರ್ಣ ಇದೆ. ಬೆಳೆ ಅನ್ನೋ ಕಡೆ ಮೇವಿನ ಹುಲ್ಲು, ಜೋಳ ಅಂತಿದೆ. ಹಸು ಅನ್ನೋ ಪದವೇ ಎಲ್ಲೂ ಇಲ್ಲ. ಹುಲ್ಲಿನ ಪತ್ರ ಕಳಿಸಿದ್ದಾನೆ! ಇದು ಮೇವು ಬೆಳೆಯೋ ಜಮೀನಿನ ಪತ್ರ, ನಾನು ಕೇಳಿದ್ದು ಹಸುಗಳ ರಕ್ತ ಪರೀಕ್ಷೆ ಅಂತ ಬರೆದೆ. “ಆರ್ಗ್ಯಾನಿಕ್ ಮೇವು ತಿನ್ನೋ ಹಸುಗೆ ರೋಗ ಬರಲ್ಲ ಮೇಡಂ. ಒಂದ್ಸಲ ಬಂದು ನೋಡಿ, ಹೇಗೆ ಮಿರಮಿರ ಮಿಂಚ್ತವೆ ಅಂತ.”

ಟೆಸ್ಟೇ ಮಾಡಿಸಿಲ್ಲ ಅಂತ ಅಲ್ಲಿಗೆ ಗೊತ್ತಾಯ್ತು.

ಬಿಡಲಿಲ್ಲ ನಾನು, ಮತ್ತೆ ಕೇಳಿದೆ. “ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ. ನಿಮ್ಮ ತಾಯಿಯವರ ಇಮ್ಯೂನಿಟಿ ವೀಕ್ ಇರಬೇಕು.” ಅಂದ್ರೆ ತಪ್ಪು ಅಮ್ಮನ ಮೈಯದ್ದು! ಅದಾದ ಮೇಲೆ ಬಂದದ್ದು ನೋಡಿ: “ನೀವು ಕಾಯಿಸದೆ ಕೊಟ್ರಾ? ಕಾಯಿಸಬೇಡಿ ಅಂತ ನಾವು ಯಾವತ್ತೂ ಹೇಳಿಲ್ಲ.”

ಯಾವತ್ತೂ ಹೇಳಿಲ್ಲ! ಹಳೇ ಮೆಸೇಜ್ ತೋರಿಸೋಣ ಅಂತ ಮೇಲಕ್ಕೆ ಹೋದೆ. ಅಲ್ಲಿ ಸಾಲಾಗಿ ‘ಈ ಸಂದೇಶವನ್ನು ಅಳಿಸಲಾಗಿದೆ’, ‘ಈ ಸಂದೇಶವನ್ನು ಅಳಿಸಲಾಗಿದೆ’. ಹಣ ಬಂತು ಅಂತ ಹಾಕಿದ್ದವು ಮಾತ್ರ ಹಾಗೇ ಇವೆ.

ಅಡುಗೆಮನೆಯಲ್ಲಿ ಕೊನೆಯ ಬಾಟಲಿ ಇತ್ತು. ತಂದು ದೀಪದ ಕೆಳಗೆ ಹಿಡಿದು ನೋಡಿದೆ. ಲೇಬಲ್ಲಿನ ಕೆಳಗಡೆ ಸಣ್ಣ ಅಕ್ಷರದಲ್ಲಿ ‘ಕಾಯಿಸಿ ಬಳಸಿ’ ಅಂತ ಇತ್ತು. ನನ್ನ ಎದೆ ಧಸಕ್ಕೆಂದಿತು, ನಾನೇ ಓದಿರಲಿಲ್ಲವಾ ಅಂತ. ಆದರೆ ಆ ಜಾಗ ಬೆರಳಿಗೆ ಸ್ವಲ್ಪ ದಪ್ಪ ಅನ್ನಿಸ್ತು. ಉಗುರಿನಿಂದ ಮೂಲೆ ಕೆದಕಿದ್ರೆ ಒಂದು ಪಟ್ಟಿ ಎದ್ದು ಬಂತು. ಹಳೇ ಲೇಬಲ್ ಮೇಲೆ ಅಂಟಿಸಿದ ತೆಳು ಸ್ಟಿಕರ್ ಅದು. ಕೆಳಗೆ ಹಸಿರು ಅಕ್ಷರದಲ್ಲಿ ‘ಜೀವಂತ ಹಾಲು. ಕಾಯಿಸದೆ ಸೇವಿಸಿ’. ಅಂದ್ರೆ ಇದು ಅಪಾಯ ಅಂತ ಆತನಿಗೆ ಗೊತ್ತಾಗಿದೆ. ಗೊತ್ತಾದ ಮೇಲೆ ಸ್ಟಿಕರ್ ಅಂಟಿಸಿದ್ದಾನೆ, ನಮಗೆ ಒಂದು ಫೋನ್ ಮಾಡಿಲ್ಲ. ಮಾಡಿದ್ರೆ ಅಮ್ಮ ಅವತ್ತೇ ನಿಲ್ಲಿಸ್ತಿದ್ರು. ಎರಡೂ ಕಾಣೋ ಹಾಗೆ ಫೋಟೋ ತೆಗೆದು ಕಳಿಸಿದೆ. ಬ್ಲಾಕ್ ಮಾಡಿದ.

ಈಗ ಆ ‘ಸತ್ತ ಹಾಲು’ ಮಾತಿಗೆ ಬರ್ತೀನಿ. ಆಸ್ಪತ್ರೆಯಲ್ಲಿ ಕೂತು ಓದಿದ್ದು, ವೈದ್ಯರ ಬಾಯಿಂದ ಕೇಳಿದ್ದು ಎಲ್ಲ ಸೇರಿಸಿ ಬರೀತಿದ್ದೀನಿ. ಪಾಶ್ಚರೀಕರಣ ಅಂದ್ರೆ ಹಾಲಿಗೆ ಏನೋ ಔಷಧಿ ಬೆರೆಸೋದಲ್ಲ. 63 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 30 ನಿಮಿಷ, ಇಲ್ಲಾ 72 ಡಿಗ್ರಿಯಲ್ಲಿ 15 ಸೆಕೆಂಡ್ ಬಿಸಿ ಮಾಡಿ ಕೂಡಲೇ ತಣ್ಣಗೆ ಮಾಡೋದು, ಅಷ್ಟೇ. ಅದರಲ್ಲಿ ಸಾಯೋದು ಬ್ರುಸೆಲ್ಲಾ, ದನದ ಕ್ಷಯದ ಬ್ಯಾಕ್ಟೀರಿಯಾ, ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್, ಲಿಸ್ಟೀರಿಯಾ. ಕ್ಯಾಲ್ಸಿಯಂ ಹೋಗಲ್ಲ, ಪ್ರೋಟೀನ್ ಪೋಷಣೆ ಹೋಗಲ್ಲ, ಕೊಬ್ಬು ಹೋಗಲ್ಲ. ಸಿ ಜೀವಸತ್ವ, ಬಿ1 ಸ್ವಲ್ಪ ಕಡಿಮೆ ಆಗುತ್ತೆ, ಅದೂ ಹಾಲಿನಲ್ಲಿ ಸಿ ಇರೋದೇ ಚೂರು. ಮನೆಯಲ್ಲಿ ಉಕ್ಕು ಬರೋ ತನಕ ಕಾಯಿಸಿದ್ರೆ ಅದಕ್ಕಿಂತ ಹೆಚ್ಚೇ ಬಿಸಿ ಆಗುತ್ತೆ. ಇನ್ನು ಎನ್‌ಜೈಮ್. ಹಾಲಿನಲ್ಲಿ ಫಾಸ್ಫಟೇಸ್ ಅಂತ ಒಂದಿದೆ, ಅದು ಪಾಶ್ಚರೀಕರಣದ ಶಾಖಕ್ಕೆ ನಾಶ ಆಗುತ್ತೆ. ಡೈರಿಯವರು ಹಾಲು ಸರಿಯಾಗಿ ಬಿಸಿಯಾಗಿದೆಯಾ ಅಂತ ತಿಳಿಯೋದೇ ಅದು ನಾಶ ಆಗಿದೆಯಾ ಅಂತ ಪರೀಕ್ಷಿಸಿ. ನಮಗೆ ಅದರಿಂದ ಏನೂ ನಷ್ಟ ಇಲ್ಲ. ಹಸಿ ಹಾಲಿನಲ್ಲಿ ಹಾಲಿನ ಸಕ್ಕರೆ ಅರಗಿಸೋ ಲ್ಯಾಕ್ಟೇಸ್ ಅನ್ನೋ ಎನ್‌ಜೈಮ್ ಇದೆ, ಹಾಲು ಅರಗದವರಿಗೂ ಅರಗುತ್ತೆ ಅಂತಲೂ ಆತ ಹೇಳಿದ್ದ. ಅದೂ ಸುಳ್ಳು. ಹಾಲಿನ ಸಕ್ಕರೆ ಹಸಿಯದರಲ್ಲೂ ಅಷ್ಟೇ, ಕಾಯಿಸಿದ್ದರಲ್ಲೂ ಅಷ್ಟೇ.

‘ನೋಡಿ ನಮ್ಮ ಹಸು ಎಷ್ಟು ಚೆನ್ನಾಗಿದೆ’ ಅನ್ನೋ ಮಾತಿಗೆ ಉತ್ತರ ನೂರು ವರ್ಷದ ಹಿಂದೇ ಸಿಕ್ಕಿದೆ. ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಇದೇ ಜ್ವರ ಬರ್ತಿತ್ತು, ಮಾಲ್ಟಾ ಜ್ವರ ಅಂತಲೇ ಹೆಸರು. ಡೇವಿಡ್ ಬ್ರೂಸ್ ಅನ್ನೋ ಸೇನಾ ವೈದ್ಯ 1887ರಲ್ಲಿ ಬ್ಯಾಕ್ಟೀರಿಯಾ ಹಿಡಿದ, ಬ್ರುಸೆಲ್ಲಾ ಅನ್ನೋ ಹೆಸರು ಬಂದಿದ್ದು ಅವನಿಂದ. ಎಲ್ಲಿಂದ ಬರುತ್ತೆ ಅಂತ ಮಾತ್ರ ಬಹಳ ಕಾಲ ತಿಳಿಯಲಿಲ್ಲ. 1905ರಲ್ಲಿ ಅಲ್ಲಿಯವರೇ ಆದ ಥೆಮಿಸ್ಟೋಕ್ಲಿಸ್ ಝಮ್ಮಿತ್ ಆಡುಗಳ ರಕ್ತ ಪರೀಕ್ಷೆ ಮಾಡಿದ್ರು. ಆಡುಗಳು ಗುಂಡುಗುಂಡಾಗಿ, ಯಾವ ರೋಗವೂ ಇಲ್ಲದ ಹಾಗಿದ್ದವು. ರೋಗ ಅವುಗಳ ಹಾಲಲ್ಲೇ ಇತ್ತು. 1906ರಲ್ಲಿ ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದ್ರು, ಜ್ವರ ಬರೋರ ಸಂಖ್ಯೆ ದಢಕ್ಕನೆ ಇಳೀತು. ಅಷ್ಟು ಹಳೇ ಸಂಗತಿ. ಹಾಲು ಮಾರೋನಿಗೆ ಇದು ಗೊತ್ತಿಲ್ಲ ಅಂದ್ರೆ ಆ ಕೆಲಸ ಮಾಡಬಾರದು.

ಇನ್ನು ಆರ್ಗ್ಯಾನಿಕ್. ಸಾವಯವ ಕೃಷಿ ಮೇಲೆ ನನಗೆ ಯಾವ ಕೋಪವೂ ಇಲ್ಲ. ಕೀಟನಾಶಕ ಹಾಕದೆ ಬೆಳೆಯೋದು, ದನಗಳನ್ನ ಬಯಲಲ್ಲಿ ಮೇಯಿಸೋದು, ಸುಮ್ಮಸುಮ್ಮನೆ ಆ್ಯಂಟಿಬಯಾಟಿಕ್ ಕೊಡದೇ ಇರೋದು ಎಲ್ಲ ಒಳ್ಳೇದೇ. ಪಾಶ್ಚರೀಕರಿಸಿದ ಆರ್ಗ್ಯಾನಿಕ್ ಹಾಲೂ ಇದೆ, ಬೇಕಾದವರು ಕುಡೀಲಿ. ಆದರೆ ಆ ಪತ್ರ ಹೇಳೋದು ದನ ಏನು ತಿಂತು, ಹೇಗೆ ಸಾಕಿದ್ರು ಅಂತ. ಹಾಲಲ್ಲಿ ರೋಗಾಣು ಇದೆಯಾ ಇಲ್ಲವಾ ಅಂತ ಹೇಳಲ್ಲ. ಬ್ರುಸೆಲ್ಲಾಗೆ ಹುಲ್ಲು ಯಾವ ಗೊಬ್ಬರದಲ್ಲಿ ಬೆಳೀತು ಅನ್ನೋದು ಬೇಕಿಲ್ಲ. ಹಿಂಡಿನಲ್ಲಿ ಒಂದೇ ಹಸುಗಿದ್ರೂ ಸಾಕು, ಎಲ್ಲದರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತೆ. ಕೆಚ್ಚಲು ಎಷ್ಟೇ ತೊಳೆದ್ರೂ ಉಪಯೋಗ ಇಲ್ಲ, ಅದು ಒಳಗಿಂದಲೇ ಹಾಲಿಗೆ ಬರೋದು.

ಮತ್ತೆ ಆ ‘ಒಂದು ಇಂಜೆಕ್ಷನ್ ಕೂಡ ಇಲ್ಲ’. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ಒಳಗೆ ಬ್ರುಸೆಲ್ಲಾ ಲಸಿಕೆ ಹಾಕಿಸ್ತಾರೆ. ಆತ ಹೆಮ್ಮೆಯಿಂದ ಹೇಳಿದ್ದು ಅದನ್ನೂ ಹಾಕಿಸಿಲ್ಲ ಅಂತ! ಸಾವಯವ ಪದ್ಧತಿಯಲ್ಲಿ ಲಸಿಕೆಗೆ ಅಡ್ಡಿಯೇ ಇಲ್ಲ. ಲಸಿಕೆ ಇಲ್ಲ, ಪರೀಕ್ಷೆ ಇಲ್ಲ, ಕಾಯಿಸೋದೂ ಬೇಡ. ಇದನ್ನೇ ಪರಿಶುದ್ಧ ಅಂತ ಮಾರಿದ್ದು.

ನನ್ನ ಮಾತು ಇಷ್ಟೇ. ಎಲ್ಲಿಂದ ತಂದ ಹಸಿ ಹಾಲಾದ್ರೂ ಉಕ್ಕು ಬರೋ ತನಕ ಕಾಯಿಸಿ. ಫ್ರಿಜ್ಜಲ್ಲಿಟ್ಟಿದ್ದೀವಿ ಅಂತ ಧೈರ್ಯ ಬೇಡ, ಲಿಸ್ಟೀರಿಯಾ ಫ್ರಿಜ್ಜಿನ ತಣ್ಣಗಲ್ಲೂ ಬೆಳೆಯುತ್ತೆ, ಗರ್ಭಿಣಿಯರಿಗೆ ಅದರಿಂದ ಗರ್ಭಪಾತ ಆಗಬಹುದು. ಚಿಕ್ಕ ಮಕ್ಕಳಿಗಂತೂ ಕೊಡಲೇಬೇಡಿ, ಹಸಿ ಹಾಲಿನಲ್ಲಿ ಬರೋ ಒಂದು ಜಾತಿಯ ಇ. ಕೋಲೈ ಮಕ್ಕಳ ಕಿಡ್ನಿಯನ್ನೇ ಕೆಡಿಸಬಹುದು. ಮಾರೋರ ಹತ್ರ ಬ್ರುಸೆಲ್ಲಾ ಮತ್ತು ಕ್ಷಯ ಪರೀಕ್ಷೆಯ ರಿಪೋರ್ಟ್ ಕೇಳಿ. ಆರ್ಗ್ಯಾನಿಕ್ ಸರ್ಟಿಫಿಕೇಟ್ ಕಳಿಸಿದ್ರೆ ಮಾತು ಮುಂದುವರಿಸಬೇಡಿ. ರಿಪೋರ್ಟ್ ಕಳಿಸಿದ್ರೂ ಕಾಯಿಸಿಯೇ ಕುಡೀರಿ, ಇವತ್ತು ರೋಗ ಇಲ್ಲದ ಹಸುಗೆ ನಾಳೆ ಬರಲ್ಲ ಅಂತೇನಿಲ್ಲ. ಅವರು ಹಾಕಿದ ಮೆಸೇಜುಗಳ ಫೋಟೋ ಆವತ್ತೇ ತೆಗೆದಿಟ್ಟುಕೊಳ್ಳಿ, ಬಾಟಲಿ ಎಸೀಬೇಡಿ.

ಈಗಾಗ್ಲೇ ಇಂಥ ಹಾಲು ಕುಡಿದಿದ್ದು, ಸಂಜೆ ಹೊತ್ತು ಜ್ವರ, ರಾತ್ರಿ ಬೆವರು, ಸೊಂಟ ನೋವು ಇದ್ರೆ, ವೈದ್ಯರು ಕೇಳೋ ತನಕ ಕಾಯಬೇಡಿ. ಕಾಯಿಸದ ಹಾಲು ಕುಡಿದಿದ್ದೀನಿ ಅಂತ ಮೊದಲ ಮಾತಲ್ಲೇ ಹೇಳಿ. ಸೋಂಕು ತಗುಲಿ ವಾರಗಳಾದ ಮೇಲೂ, ಕೆಲವರಿಗೆ ತಿಂಗಳುಗಳಾದ ಮೇಲೂ ಜ್ವರ ಬರುತ್ತೆ, ಅದಕ್ಕೇ ಹಾಲಿನ ನೆನಪೇ ಯಾರಿಗೂ ಆಗಲ್ಲ. ರಕ್ತ ಪರೀಕ್ಷೆ ಮಾಡೋ ಲ್ಯಾಬಿನವರಿಗೂ ಬ್ರುಸೆಲ್ಲಾ ಅನುಮಾನ ಇದೆ ಅಂತ ತಿಳಿಸೋಕೆ ವೈದ್ಯರಿಗೆ ಹೇಳಿ, ಅದನ್ನ ಕಲ್ಚರ್ ಮಾಡುವಾಗ, ಅಂದ್ರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವಾಗ, ಅಲ್ಲಿ ಕೆಲಸ ಮಾಡೋರಿಗೂ ಸೋಂಕು ತಗುಲಬಹುದು.