ಸಾಲ್ಬ್ಯುಟಮಾಲ್ ಇನ್ಹೇಲರ್, ಸ್ಪೇಸರ್ ಸಮೇತ: ಔಷಧಿಗೆ ಪೂರ್ತಿ ಅಂಕ, ಡಬ್ಬಿಗೆ ಅರ್ಧ

ಉಬ್ಬಸಕ್ಕೆ ಇದು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಚರ್ಚೆ ಬೇಡ. ಐದು ನಿಮಿಷದಲ್ಲಿ ಎದೆ ಸಡಿಲವಾಗುತ್ತದೆ, 4ರಿಂದ 6 ಗಂಟೆ ಹಾಗೇ ಇರುತ್ತದೆ. ಕೈ ಸ್ವಲ್ಪ ನಡುಗಬಹುದು, ಎದೆ ಡವಗುಟ್ಟಬಹುದು, ಬೇಗ ಇಳಿಯುತ್ತದೆ.

ವರ್ಷಗಟ್ಟಲೆ ಬಳಸಿದ ಮೇಲೆ ಹೆಚ್ಚು ಹಿಡಿಸಿದ್ದು ಕಫದ ವಿಷಯ. ಔಷಧಿ ಶ್ವಾಸನಾಳದ ಸ್ನಾಯುವನ್ನು ಸಡಿಲಿಸುವುದರ ಜೊತೆಗೆ, ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳ ಬಡಿತವನ್ನೂ ಚುರುಕುಗೊಳಿಸುತ್ತದೆ. ಅದರ ಲಾಭ ಸಿಗಬೇಕಾದರೆ ಕ್ರಮ ಮುಖ್ಯ. ಡಬ್ಬಿ ಚೆನ್ನಾಗಿ ಕುಲುಕಿ, ಅದರ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆಯಾದ ಸ್ಪೇಸರ್‌ಗೆ ಒಂದೇ ಪಫ್ ಹೊಡೆಯಿರಿ, ತಡಮಾಡದೆ ನಿಧಾನವಾಗಿ ಎಳೆದು 10 ಸೆಕೆಂಡ್ ಉಸಿರು ಹಿಡಿಯಿರಿ. ಎರಡನೆಯದಕ್ಕೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಬೇಕು. ಎರಡೂ ಪಫ್ ಒಟ್ಟಿಗೆ ಹೊಡೆದರೆ ಹನಿಗಳು ಒಂದಕ್ಕೊಂದು ಅಂಟಿ ಗೋಡೆಗೇ ಉಳಿಯುತ್ತವೆ. ಕಾಲು ಗಂಟೆ ಕಳೆದ ಮೇಲೆ ಕನ್ನಡಿಗೆ ಆವಿ ಹಿಡಿಸುವ ಹಾಗೆ ಬಾಯಿ ತೆರೆದು ಎರಡು ಮೂರು ಸಲ ‘ಹಾ’ ಎಂದು ಉಸಿರು ಬಿಡಿ. ಗಂಟಲು ಹರಿಯುವಂತೆ ಕೆಮ್ಮದೆಯೇ ಕಫ ಕಿತ್ತು ಬರುತ್ತದೆ.

ಸ್ಪೇಸರ್ ಅನ್ನು ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಅದ್ದಿ, ಒರೆಸದೆ ಒಣಗಿಸಿ. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧಿಯನ್ನು ಹಿಡಿದುಕೊಳ್ಳುತ್ತದೆ.

ಸಿಟ್ಟು ಬರುವುದು ಎಷ್ಟು ಪಫ್ ಉಳಿದಿದೆ ಎಂದು ತೋರಿಸುವ ಕೌಂಟರ್ ಇಲ್ಲದ ಡಬ್ಬಿಯ ಮೇಲೆ. 200 ಪಫ್ ಮುಗಿದ ಮೇಲೂ ಒಳಗಿನ ಅನಿಲ ‘ಪುಸ್’ ಎನ್ನುತ್ತಲೇ ಇರುತ್ತದೆ, ಔಷಧಿ ಎಷ್ಟು ಬಂತೋ ಹೇಳಲಾಗದು. ನೀರಲ್ಲಿ ತೇಲಿಸಿ ನೋಡುವ ಉಪಾಯವನ್ನು ನಂಬಬೇಡಿ. ಕವಾಟಕ್ಕೆ ನೀರು ಹೊಕ್ಕರೆ ಇದ್ದದ್ದೂ ಕೆಡುತ್ತದೆ. ರಾತ್ರಿ ಉಬ್ಬಸ ಏರಿದಾಗ ಖಾಲಿ ಡಬ್ಬಿ ಒತ್ತುತ್ತಾ ಕೂರುವುದು ಜೀವಕ್ಕೇ ಅಪಾಯ.

ಲೆಕ್ಕಕ್ಕೆ ಇನ್ನೊಂದು ಕಾರಣವೂ ಇದೆ. ವರ್ಷಕ್ಕೆ ಮೂರು ಡಬ್ಬಿ ಅಥವಾ ಹೆಚ್ಚು ಖಾಲಿಯಾಗುತ್ತಿದ್ದರೆ ಉಬ್ಬಸ ಹತೋಟಿಯಲ್ಲಿಲ್ಲ, ಜೋರಾಗಿ ಕೆರಳುವ ಅಪಾಯ ಹೆಚ್ಚು ಎಂದರ್ಥ. ಸಾಲ್ಬ್ಯುಟಮಾಲ್ ಉಸಿರುನಾಳದ ಉರಿಯೂತವನ್ನು ಮುಟ್ಟುವುದೇ ಇಲ್ಲ; ಅಂಟು ಕಫ ಮತ್ತೆ ಮತ್ತೆ ಕಟ್ಟುವುದು ಆ ಉರಿಯೂತದಿಂದಲೇ. ಅದಕ್ಕೆ ಸ್ಟೀರಾಯ್ಡ್ ಇನ್ಹೇಲರ್ ಬೇಕು. ಸಾಲ್ಬ್ಯುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬಾರದೆಂದು ಜಾಗತಿಕ ಮಾರ್ಗಸೂಚಿ ‘ಗಿನಾ’ 2019ರಲ್ಲೇ ಹೇಳಿದೆ. ಸ್ಟೀರಾಯ್ಡ್ ಮತ್ತು ಫಾರ್ಮೊಟೆರಾಲ್ (ಶ್ವಾಸನಾಳ ಸಡಿಲಿಸುವ ಇನ್ನೊಂದು ಔಷಧಿ) ಕೂಡಿದ ಇನ್ಹೇಲರ್ ನಿಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ.

ನಾಲ್ಕು ಕಾಸು ಹೆಚ್ಚಾದರೂ ಕೌಂಟರ್ ಇರುವುದನ್ನೇ ಕೊಳ್ಳಿ. ಸಿಗದಿದ್ದರೆ ತೆರೆದ ದಿನಾಂಕವನ್ನು ಮಾರ್ಕರ್‌ನಲ್ಲಿ ಲೋಹದ ಕ್ಯಾನಿಸ್ಟರ್ ಮೇಲೆ ಬರೆಯಿರಿ. ಹೊರಗಿನ ಪ್ಲಾಸ್ಟಿಕ್ ಕವಚದ ಮೇಲೆ ಬರೆದದ್ದು ವಾರದ ತೊಳೆತಕ್ಕೆ ಅಳಿಸಿಹೋಗುತ್ತದೆ.